ಸಹಾಯ ಬೇಕು: ಸೂಪಿಗೆ ಹೆಣಗಳ ರುಚಿ, ಇದು ರೂಪಕವೇ?

ಎಂ.ಎ. ಪ್ರಬಂಧಕ್ಕಾಗಿ ಎಲೀ ವೀಸೆಲ್ ಅವರ ‘ನೈಟ್’ ಓದುತ್ತಿದ್ದೇನೆ. 1944ರಲ್ಲಿ ನಾಜಿಗಳ ಆಶ್ವಿಟ್ಸ್ ಯಾತನಾ ಶಿಬಿರ ಸೇರಿದ ಯಹೂದಿ ಹುಡುಗನ ನೆನಪುಗಳು. ಅದಕ್ಕೆ ಸೇರಿದ ಬೂನಾ ಶಿಬಿರದಲ್ಲಿ ಒಬ್ಬ ಯುವಕನನ್ನು ಗಲ್ಲಿಗೇರಿಸಿದ ಸಂಜೆ ಸೂಪು ಎಂದಿಗಿಂತ ರುಚಿಯಾಗಿತ್ತಂತೆ. ಮುಂದೆ ಒಬ್ಬ ಪುಟ್ಟ ಬಾಲಕನಿಗೆ ನೇಣು. ಮೈ ತೀರಾ ಹಗುರ, ಅರ್ಧ ಗಂಟೆ ಕಳೆದರೂ ಜೀವ ಹೋಗುವುದಿಲ್ಲ. ಆ ರಾತ್ರಿ ಸೂಪಿಗೆ ಹೆಣಗಳ ರುಚಿ.

ಈ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ಉಪಮೆಯೆಂದು ಬರೆದೆ, ಆದರೆ ‘ಅಂತೆ’, ‘ಹಾಗೆ’ ಯಾವುದೂ ಅಲ್ಲಿಲ್ಲ. ರೂಪಕವೆಂದು ತಿದ್ದಿದೆ, ಅಲಂಕಾರ ಎಂಬ ಮಾತೇ ಕೈ ತಡೆಯಿತು. ಆ ಮಗುವಿನ ಸಾವಿನ ಮುಂದೆ ಅಲಂಕಾರವೇ? ವಾಚ್ಯಾರ್ಥವೆನ್ನೋಣವೆಂದರೆ, ಬದಲಾದದ್ದು ಸೂಪಲ್ಲ, ನಾಲಿಗೆ.

ಕಾವ್ಯಮೀಮಾಂಸೆ ಬಲ್ಲವರು ದಯವಿಟ್ಟು ಹೇಳಿ: ಈ ಸಾಲನ್ನು ರೂಪಕವೆಂದು ಓದಬೇಕೇ, ಧ್ವನಿ (ನೇರ ಹೇಳದೆ ಸೂಚಿಸುವ ಅರ್ಥ) ಎಂದೇ, ಇಲ್ಲವೇ ಆಘಾತಗೊಂಡ ದೇಹದ ನೇರ ಅನುಭವವೆಂದೇ? ಏಕೆ?