ಲಕ್ಷ್ಮೇಶ್ವರದವರು ಎಷ್ಟು ಚೀಲ ತಂದರೂ ಪಟ್ಟಿಯಲ್ಲಿ 176 ಎಂದೇ ಬರುತ್ತಿದೆ (ಸಿ, ಪ್ರಿಂಟ್‌ಎಫ್)

ಹಾವೇರಿ_ವಿದ್ಯಾರ್ಥಿ:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಲ್ಲಿ ನನ್ನ ಸೋದರಮಾವನ ದಲಾಲಿ ಅಂಗಡಿ ಇದೆ. ರೈತರಿಗೆ ಕೊಡುವ ಮೆಣಸಿನಕಾಯಿ ಪಟ್ಟಿಯನ್ನು ಕೈಯಲ್ಲಿ ಬರೆಯುವ ಕಷ್ಟ ತಪ್ಪಲಿ ಎಂದು ಸಿ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟೆ. ಲಿನಕ್ಸ್, ಜಿಸಿಸಿ ಕಂಪೈಲರ್. ಮೊನ್ನೆ ಲಕ್ಷ್ಮೇಶ್ವರದ ರೈತರೊಬ್ಬರು 38 ಚೀಲ ತಂದಿದ್ದರು. ಪಟ್ಟಿಯಲ್ಲಿ 176 ಎಂದು ಬಂತು. ಅದೇ ಊರಿನ ಇನ್ನೊಬ್ಬರದು 12 ಚೀಲ, ಅವರಿಗೂ 176. ರಾಣೆಬೆನ್ನೂರಿನವರಿಗೆ −2118917968 ಚೀಲ! ಬ್ಯಾಡಗಿ, ಗದಗ, ಶಿಗ್ಗಾಂವಿಯವರ ಲೆಕ್ಕ ಸರಿಯಾಗಿದೆ. ತೂಕವಂತೂ ಎಲ್ಲರದೂ ಸರಿ. ರೈತರ ಎದುರಿಗೆ ಮಾವ ಉತ್ತರ ಹೇಳಲಾಗದೆ ನಿಂತದ್ದು ನನಗೆ ಬಹಳ ನೋವಾಯಿತು.

ಇನ್ನೊಂದು ತೊಂದರೆ: ಅಂಕಣಗಳು ಒಂದರ ಕೆಳಗೊಂದು ನಿಲ್ಲುವುದಿಲ್ಲ. ಮುಖ್ಯ ಭಾಗ ಇದು (ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ). ಒಂದು ಸಾಲಿನ ವಿವರಗಳನ್ನು ಒಟ್ಟಿಗೆ ಇಡುವ ಸ್ಟ್ರಕ್ಟ್‌ನಲ್ಲಿ ಮೊದಲು 32 ಕ್ಯಾರ್‌ಗಳ (ತಲಾ ಒಂದು ಬೈಟ್) ಊರು, ಆಮೇಲೆ ಇಂಟ್ (ಪೂರ್ಣಾಂಕ, ನಾಲ್ಕು ಬೈಟ್) ಚೀಲ, ಆಮೇಲೆ ಡಬಲ್ (ದಶಮಾಂಶ ಸಂಖ್ಯೆ) ತೂಕ.

ಸ್ಕ್ಯಾನ್‌ಎಫ್("%ಡಿ", &ಸಾಲು.ಚೀಲ);
ಎಸ್‌ಪ್ರಿಂಟ್‌ಎಫ್(ಸಾಲು.ಊರು, "%ಎಸ್", ಹೆಸರು);
ಪ್ರಿಂಟ್‌ಎಫ್("%-20ಎಸ್ %6ಡಿ %10.2ಎಫ್", ಸಾಲು.ಊರು, ಸಾಲು.ಚೀಲ, ಸಾಲು.ತೂಕ);
ಪ್ರಿಂಟ್‌ಎಫ್(ಷರಾ);

ಧಾರವಾಡದ_ಮಾಸ್ತರ:
ತಮ್ಮಾ, ಒಂದು ಕೆಲಸ ಮಾಡು. ಸ್ಟ್ರಲೆನ್ ಕರೆದು ಪ್ರತಿ ಊರಿನ ಉದ್ದ ಎಷ್ಟು ಬೈಟ್ ಬರುತ್ತದೆ ಎಂದು ಇಲ್ಲಿ ಹಾಕು. ನನಗೆ ಅನುಮಾನ ಬಂದಿದೆ, ಆದರೆ ಅಂಕಿ ನೋಡದೆ ಹೇಳುವುದಿಲ್ಲ.

ಹಾವೇರಿ_ವಿದ್ಯಾರ್ಥಿ:
ಗದಗ 9, ಬ್ಯಾಡಗಿ 21, ಶಿಗ್ಗಾಂವಿ 27, ಲಕ್ಷ್ಮೇಶ್ವರ 33, ರಾಣೆಬೆನ್ನೂರು 36. ಲಕ್ಷ್ಮೇಶ್ವರದಲ್ಲಿ ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ ಅಲ್ಲವೇ ಸರ್?

ಧಾರವಾಡದ_ಮಾಸ್ತರ:
ಕಣ್ಣಿಗೆ ನಾಲ್ಕು, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಗೆ ಹನ್ನೊಂದು ಸಂಕೇತ. ಲ, ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ಏತ್ವ, ಶ, ವಿರಾಮ, ವ, ರ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹಾಗಾಗಿ 33, ಹೆಸರು ಮುಗಿಯಿತು ಎಂದು ತೋರಿಸುವ ಕೊನೆಯ ಸೊನ್ನೆ ಬೈಟ್ ಸೇರಿದರೆ 34. ನೀನು ಕೊಟ್ಟ ಜಾಗ 32.

ಈಗ 176ರ ಗುಟ್ಟು ನೋಡು. ಹೆಸರನ್ನು ಊರಿನ ಜಾಗಕ್ಕೆ ಬರೆಯುವ ಎಸ್‌ಪ್ರಿಂಟ್‌ಎಫ್‌ಗೆ ಜಾಗ ಎಷ್ಟಿದೆ ಎಂಬುದೇ ತಿಳಿಯದು. ಕೊಟ್ಟದ್ದನ್ನೆಲ್ಲ ಬರೆಯುತ್ತಾ ಹೋಗುತ್ತದೆ. ಕೊನೆಯ 'ರ' ಅಕ್ಷರದ ಮೂರು ಬೈಟ್‌ಗಳು 224, 178, 176. ಮೊದಲ ಎರಡು ಊರಿನ ಜಾಗದಲ್ಲೇ ಮುಗಿದವು. ಮೂರನೆಯದು ಪಕ್ಕದ ಚೀಲದ ಮೊದಲ ಬೈಟ್ ಮೇಲೆ ಕುಳಿತಿತು, ಅದರ ಹಿಂದೆಯೇ ಸೊನ್ನೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಕೆಳಗಿನ ಬೈಟ್ ಮೊದಲು ಇರುತ್ತದೆ, ಆದ್ದರಿಂದ 38 ಇರಲಿ 12 ಇರಲಿ, ಉಳಿದದ್ದು 176. ರಾಣೆಬೆನ್ನೂರಿನ 36 ಬೈಟ್‌ಗಳು ಚೀಲದ ನಾಲ್ಕೂ ಬೈಟ್‌ಗಳನ್ನು ತುಂಬಿದವು: 176, 224, 179, 129. ಜೋಡಿಸಿ ಲೆಕ್ಕ ಹಾಕಿದರೆ ಸರಿಯಾಗಿ −2118917968 ಬರುತ್ತದೆ. ಅದರ ಕೊನೆಯ ಸೊನ್ನೆ ಬಿದ್ದದ್ದು ಇಂಟ್‌ಗೂ ಡಬಲ್‌ಗೂ ನಡುವೆ ಕಂಪೈಲರ್ ಬಿಟ್ಟ ನಾಲ್ಕು ಬೈಟ್‌ಗಳ ಖಾಲಿ ಜಾಗದಲ್ಲಿ. ತೂಕ ಉಳಿದದ್ದು ಹಾಗೆ. ಬೇರೆ ಯಂತ್ರದಲ್ಲಿ, ಬೇರೆ ಕಂಪೈಲರ್‌ನಲ್ಲಿ ಇದೇ ರೀತಿ ಆಗುತ್ತದೆ ಎಂಬ ಭರವಸೆ ಇಲ್ಲ; ಸಿ ನಿಯಮದ ಪ್ರಕಾರ ಇಲ್ಲಿ ಏನು ಬೇಕಾದರೂ ಆಗಬಹುದು.

ಎಸ್‌ಎನ್‌ಪ್ರಿಂಟ್‌ಎಫ್ ಬಳಸು, ಅದು ಕೊಟ್ಟ ಅಳತೆ ಮೀರಿ ಬರೆಯುವುದಿಲ್ಲ. ಸಿ99ರಿಂದ (ಸಿ ಭಾಷೆಯ 1999ರ ಆವೃತ್ತಿ) ಅದು ಭಾಷೆಯ ಭಾಗವೇ ಆಗಿದೆ. ಎರಡನೆಯ ಆರ್ಗ್ಯುಮೆಂಟ್ ಆಗಿ ಸೈಜಾಫ್ ಸಾಲು.ಊರು, ಅಂದರೆ ಆ ಜಾಗದ ಅಳತೆ, ಕೊಡು.

ಹಾವೇರಿ_ವಿದ್ಯಾರ್ಥಿ:
ಓದಿ ಮೈ ಜುಮ್ಮೆಂದಿತು ಸರ್. ಬದಲಿಸಿದೆ, 38 ಸರಿಯಾಗಿ ಬಂತು. ಆದರೆ ಊರು 'ಲಕ್ಷ್ಮೇಶ್ವ' ಎಂದು ಬಂದು, ಪಕ್ಕದಲ್ಲಿ ಕಪ್ಪು ಚೌಕದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ.

ಧಾರವಾಡದ_ಮಾಸ್ತರ:
ಅದು 31 ಬೈಟ್‌ಗೆ ಕತ್ತರಿಸಿತು. ಹತ್ತು ಸಂಕೇತ ಪೂರ್ತಿ, 'ರ'ದ ಮೂರನೇ ಒಂದು ಭಾಗ ಮಾತ್ರ. ಜಾಗವನ್ನು 128 ಮಾಡು. ಅಷ್ಟಕ್ಕೇ ನಿಲ್ಲಬೇಡ: ಎಸ್‌ಎನ್‌ಪ್ರಿಂಟ್‌ಎಫ್ ಹಿಂದಿರುಗಿಸುವ ಸಂಖ್ಯೆ ಬರೆದ ಬೈಟ್‌ಗಳದ್ದಲ್ಲ, ಜಾಗ ಸಾಕಷ್ಟಿದ್ದರೆ ಎಷ್ಟು ಬರೆಯುತ್ತಿತ್ತೋ ಅದು. ಅದು ಜಾಗಕ್ಕೆ ಸಮ ಅಥವಾ ಹೆಚ್ಚಾಗಿದ್ದರೆ ಹೆಸರು ತುಂಡಾಗಿದೆ ಎಂದರ್ಥ. ಪಟ್ಟಿ ಮುದ್ರಿಸದೆ ತಪ್ಪು ತೋರಿಸು. ಕಂಪೈಲ್ ಮಾಡುವಾಗ -ಓ2 (ವೇಗ ಹೆಚ್ಚಿಸುವ ಆಯ್ಕೆ) ಜೊತೆ, ಜಾಗ ಮೀರಿ ಬರೆಯುವುದನ್ನು ಹಿಡಿಯುವ ಫೋರ್ಟಿಫೈ ಸೋರ್ಸ್ ಅನ್ನು 2ಕ್ಕೆ ಇಟ್ಟಿದ್ದರೆ ನಿನ್ನ ಹಳೆಯ ಪ್ರೋಗ್ರಾಂ ಲಕ್ಷ್ಮೇಶ್ವರ ಬಂದ ಕ್ಷಣವೇ ನಿಲ್ಲುತ್ತಿತ್ತು.

ಕೊನೆಯ ಸಾಲನ್ನೂ ತಿದ್ದು. ಷರಾದಲ್ಲಿ ಯಾರಾದರೂ 'ತೇವಾಂಶ 10% ದಿಂದ ಹೆಚ್ಚು' ಎಂದು ಬರೆದರೆ ಪ್ರಿಂಟ್‌ಎಫ್ ಆ ಶೇಕಡಾ ಚಿಹ್ನೆಯನ್ನು ತನಗೆ ಕೊಟ್ಟ ಆಜ್ಞೆ ಎಂದು ಓದುತ್ತದೆ. ಪ್ರಿಂಟ್‌ಎಫ್("%ಎಸ್", ಷರಾ) ಎಂದೇ ಬರೆಯಬೇಕು, ಯಾವಾಗಲೂ.

ಬೆಟಗೇರಿ_ಮುದ್ರಕ:
ಅಂಕಣದ ವಿಷಯಕ್ಕೆ ನಾನು ಒಂದು ಮಾತು ಹೇಳುತ್ತೇನೆ. %-20ಎಸ್‌ನಲ್ಲಿರುವ 20 ಕೂಡ ಬೈಟ್ ಲೆಕ್ಕವೇ. ಗದಗಕ್ಕೆ 11 ಖಾಲಿ ಜಾಗ ಸೇರಿಸುತ್ತದೆ, 21 ಬೈಟ್‌ಗಳ ಬ್ಯಾಡಗಿಗೆ ಒಂದನ್ನೂ ಸೇರಿಸುವುದಿಲ್ಲ. ಎರಡರಲ್ಲೂ ಕಾಣುವುದು ಮೂರು ಅಕ್ಷರ. ನಾನು ಗದಗದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಬೆಳೆದವನು. ಕನ್ನಡದ ಕೋಷ್ಟಕವನ್ನು ನಾವು ಎಂದೂ ಅಕ್ಷರ ಎಣಿಸಿ ಕೂಡಿಸಿದವರಲ್ಲ. 'ಣ'ದ ಅಗಲ ಬೇರೆ, 'ರ'ದ ಅಗಲ ಬೇರೆ. ಸಾಲಿನ ಅಳತೆ ಹಿಡಿದು ಉಳಿದ ಜಾಗಕ್ಕೆ ಖಾಲಿ ತುಂಡು ಹಾಕುತ್ತಿದ್ದೆವು.

ಹಾವೇರಿ_ವಿದ್ಯಾರ್ಥಿ:
ಡಬ್ಲ್ಯುಪ್ರಿಂಟ್‌ಎಫ್ ಬಳಸಿದರೆ ಸರಿಹೋಗುವುದಿಲ್ಲವೇ ಅಣ್ಣಾ?

ಬೆಟಗೇರಿ_ಮುದ್ರಕ:
ಅದು ಬೈಟ್ ಬದಲು ಸಂಕೇತ ಎಣಿಸುತ್ತದೆ. ಲಕ್ಷ್ಮೇಶ್ವರಕ್ಕೆ 33 ಹೋಗಿ 11 ಆಗುತ್ತದೆ, ಅಷ್ಟೇ, ಅಗಲ ಸಿಗುವುದಿಲ್ಲ. ಸುಲಭದ ದಾರಿ, ಚೀಲ, ತೂಕ, ದರಗಳನ್ನು ಮೊದಲು ಮುದ್ರಿಸಿ ಊರನ್ನು ಸಾಲಿನ ಕೊನೆಗೆ ಹಾಕುವುದು. ಅಂಕಿಗೆ ಒಂದೊಂದೇ ಬೈಟ್, ಅಲ್ಲಿ %6ಡಿ ಸರಿಯಾಗಿ ನಿಲ್ಲುತ್ತದೆ.

ಹಾವೇರಿ_ವಿದ್ಯಾರ್ಥಿ:
ಮಾವ ಒಪ್ಪುತ್ತಿಲ್ಲ. ರೈತರು ಮೊದಲು ಹುಡುಕುವುದು ತಮ್ಮ ಹೆಸರು ಮತ್ತು ಊರನ್ನು, ಅದು ಎಡಕ್ಕೇ ಇರಬೇಕು ಎನ್ನುತ್ತಾರೆ.

ಬೆಟಗೇರಿ_ಮುದ್ರಕ:
ಅವರ ಮಾತು ನ್ಯಾಯವಾದದ್ದು. ಹಾಗಾದರೆ ಎಫ್‌ಪ್ರಿಂಟ್‌ಎಫ್‌ನಿಂದ ಎಚ್‌ಟಿಎಂಎಲ್ ಕೋಷ್ಟಕ ಬರೆದು ಬ್ರೌಸರ್‌ನಿಂದ ಮುದ್ರಿಸು. ಅಗಲ ಅಳೆಯುವ ಕೆಲಸ ಅಕ್ಷರದ ಆಕಾರ ಬಲ್ಲವರಿಗೇ ಇರಲಿ. ಅಂಕಿಗಳನ್ನು ಮಾತ್ರ ಬಲಕ್ಕೆ ಹೊಂದಿಸು.

ಧಾರವಾಡದ_ಮಾಸ್ತರ:
ತಮ್ಮಾ, ಇನ್ನೊಂದು ಪ್ರಶ್ನೆ. ಈ ಸ್ಟ್ರಕ್ಟ್ ಅನ್ನು ಫೈಲ್‌ನಲ್ಲಿ ಉಳಿಸುತ್ತಿದ್ದೀಯಾ?

ಹಾವೇರಿ_ವಿದ್ಯಾರ್ಥಿ:
ಹೌದು ಸರ್, ಎಫ್‌ರೈಟ್‌ನಿಂದ, ಊರು ಬರೆದ ನಂತರ.

ಧಾರವಾಡದ_ಮಾಸ್ತರ:
ಹಾಗಾದರೆ ಫೈಲ್‌ನಲ್ಲಿ ಇರುವುದೂ 176ಯೇ. ನಿಜವಾದ ಚೀಲದ ಲೆಕ್ಕ ಅಲ್ಲಿಂದ ಮರಳಿ ಸಿಗುವುದಿಲ್ಲ. 31 ಬೈಟ್ ದಾಟಿದ ಊರುಗಳ ಎಲ್ಲ ಸಾಲುಗಳನ್ನೂ ಕಾಗದದಿಂದ ಮತ್ತೆ ತುಂಬಬೇಕು. ಊರಿನ ಜಾಗವನ್ನು 128 ಮಾಡಿದ ಮೇಲೆ ಹಳೆಯ ಫೈಲ್ ಹೊಸ ಸ್ಟ್ರಕ್ಟ್‌ಗೆ ಹೊಂದುವುದೂ ಇಲ್ಲ. ಮೊದಲು ಹಳೆಯ ಅಳತೆಯಲ್ಲಿ ಓದಿ, ಹೊಸ ಫೈಲ್‌ಗೆ ಬರೆ. ಹಳೆಯದರ ನಕಲು ಇಟ್ಟುಕೋ.

ಹಾವೇರಿ_ವಿದ್ಯಾರ್ಥಿ:
ನಕಲು ಇಟ್ಟೆ ಸರ್. ಹುಡುಕಿದರೆ ಅಂಥ ಸಾಲುಗಳು 23 ಸಿಕ್ಕವು. ತೂಕದ ಚೀಟಿಗಳನ್ನೆಲ್ಲ ಮಾವ ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ. ಇಂದು ಸಂಜೆ ಅಂಗಡಿಯಲ್ಲಿ ಇಬ್ಬರೂ ಕುಳಿತು, ಅವರು ಓದಿ ಹೇಳಿದಂತೆ ನಾನು ತುಂಬುತ್ತೇನೆ. ನಾಳೆ ಲಕ್ಷ್ಮೇಶ್ವರದ ಆ ಇಬ್ಬರಿಗೂ ಹೊಸ ಪಟ್ಟಿ ಕೊಡಬೇಕು.