ಅಲಸಂದೆ ಬಿತ್ತನೆಕಾಳು: ಹುಳ ಹಿಡಿದಿಲ್ಲ, ಆದರೂ ಸುಳಿಯಿಲ್ಲದ ಸಸಿ ಏಳುತ್ತಿದೆ

ವರದಾ ದಂಡೆ (ಸೊರಬ):
ಏಪ್ರಿಲ್‌ನಲ್ಲಿ ಒಕ್ಕಿದ 60 ಕೆ.ಜಿ. ಅಲಸಂದೆ ಬೀಜಕ್ಕೆಂದು ಇಟ್ಟಿದ್ದು. ಭತ್ತ ಕೊಯ್ದ ಗದ್ದೆಗೆ ಜನವರಿಯಲ್ಲಿ ಹಾಕಬೇಕು. ಮರಳಿನ ತಟ್ಟೆಯಲ್ಲಿ 100 ಕಾಳು ಊರಿದರೆ 8ನೇ ದಿನಕ್ಕೆ ಎದ್ದದ್ದು 58. ಅದರಲ್ಲಿ 19 ಸಸಿಗೆ ಕಾಂಡ ಇದೆ, ಸುಳಿಯೇ ಇಲ್ಲ. ಕಾಳಿನಲ್ಲಿ ತೂತಿಲ್ಲ, ಬೂಷ್ಟಿಲ್ಲ. ಯಂತ್ರದಲ್ಲಿ ಒಕ್ಕಿ, ಸಿಮೆಂಟ್ ಅಂಗಳದಲ್ಲಿ ನಾಲ್ಕು ದಿನ ಒಣಗಿಸಿ, 30 ಕೆ.ಜಿ.ಯ ಎರಡು ಚೀಲ ಮಾಡಿ ಅಟ್ಟಕ್ಕೇರಿಸಿದ್ದು. ಮಳೆಗಾಲದ ಥಂಡಿಗೆ ಕೆಟ್ಟಿತೇ? ಯಾವ ಔಷಧಿ ಹಚ್ಚಲಿ?

ಬಿತ್ತನೆಕಾಳು (ತೀರ್ಥಹಳ್ಳಿ):
ಔಷಧಿಗೆ ದುಡ್ಡು ಹಾಕಬೇಡಿ. ಥಂಡಿಗೆ ಕೆಟ್ಟ ಬೀಜ ಕೊಳೆಯುತ್ತೆ, ಇಲ್ಲವೇ ಎಲ್ಲ ಸಸಿಯೂ ತಡವಾಗಿ, ಸೊರಗಿ ಏಳುತ್ತೆ. ಕೆಲವು ಚೆನ್ನಾಗಿ ಎದ್ದು ಕೆಲವಕ್ಕೆ ಮಾತ್ರ ಸುಳಿಯಿಲ್ಲ ಅಂದರೆ ಅದು ಪೆಟ್ಟು. ಅಲಸಂದೆಯ ಮೊಳಕೆ ಎರಡು ಬೇಳೆಗಳ ಅಂಚಿನಲ್ಲಿ, ಕಣ್ಣಿನ ಪಕ್ಕ, ತೆಳು ಸಿಪ್ಪೆಯ ಕೆಳಗೇ ಇರುತ್ತೆ. ಪೆಟ್ಟು ಅಲ್ಲಿಗೆ ಬಿದ್ದರೆ ಸಿಪ್ಪೆ ಹಾಗೇ ಇದ್ದರೂ ಒಳಗೆ ಸುಳಿ ಮುರಿದಿರುತ್ತೆ. ಹೊರಗಿನಿಂದ ಕಾಳು ಲಕ್ಷಣವಾಗೇ ಕಾಣುತ್ತೆ.

ಇವತ್ತೇ ನೋಡಬೇಕೆಂದರೆ 100 ಕಾಳು ಎಣಿಸಿ ತಣ್ಣೀರಿಗೆ ಹಾಕಿ, 10 ನಿಮಿಷಕ್ಕೆ ತೆಗೆಯಿರಿ. ಸಿಪ್ಪೆ ಬಿರಿದದ್ದು ಆಗಲೇ ಸುಕ್ಕುಗಟ್ಟಿ ಉಬ್ಬಿರುತ್ತೆ. ಇನ್ನೂ ಸ್ಪಷ್ಟವಾಗಿ ಬೇಕಾದರೆ ಒಂದು ಪಾಲು ಫೆರಿಕ್ ಕ್ಲೋರೈಡಿಗೆ ನಾಲ್ಕು ಪಾಲು ನೀರು ಬೆರೆಸಿ ಅದರಲ್ಲಿ 15 ನಿಮಿಷ ಬಿಡಿ, ಬಿರುಕಿದ್ದ ಜಾಗ ಕಪ್ಪಾಗುತ್ತೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಆ ಕಾಳನ್ನು ದನಕ್ಕೂ ಹಾಕಬೇಡಿ.

ಬೆಲ್ಟು-ಪುಲ್ಲಿ (ಶಿಕಾರಿಪುರ):
ಒಕ್ಕುವ ಯಂತ್ರದ ಡ್ರಮ್ಮಿನ ವ್ಯಾಸ, ಎರಡೂ ಪುಲ್ಲಿಯ ಅಳತೆ ಹೇಳಿ.

ವರದಾ ದಂಡೆ:
ಡ್ರಮ್ ಹಲ್ಲು ಸೇರಿ 45 ಸೆಂ.ಮೀ. ಮೋಟಾರು 1440 ಆರ್‌ಪಿಎಂ, ಅದರ ಪುಲ್ಲಿ 4 ಇಂಚು, ಡ್ರಮ್ಮಿನದು 10 ಇಂಚು. ನೀರಿನ ಪರೀಕ್ಷೆಯಲ್ಲಿ 10 ನಿಮಿಷಕ್ಕೆ 34 ಕಾಳು ಉಬ್ಬಿದವು.

ಬೆಲ್ಟು-ಪುಲ್ಲಿ:
ಅಂದರೆ ಡ್ರಮ್ ತಿರುಗುವುದು 576 ಆರ್‌ಪಿಎಂನಲ್ಲಿ, ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 13.6 ಮೀಟರ್. ಬೀಜದ ಕಾಳಿಗೆ ಇದು ತುಂಬಾ ಜಾಸ್ತಿ ಸರ್. ಡ್ರಮ್ಮಿಗೆ 16 ಇಂಚಿನ ಪುಲ್ಲಿ ಹಾಕಿ, 360ಕ್ಕೆ ಇಳಿಯುತ್ತೆ, ತುದಿಯ ವೇಗ 8.5 ಮೀಟರ್. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡೂವರೆ ಪಟ್ಟು ಕಡಿಮೆಯಾಗುತ್ತೆ. ಬೆಲ್ಟು ಈಗಿನದಕ್ಕಿಂತ ಸುಮಾರು 10 ಇಂಚು ಹೆಚ್ಚು ಉದ್ದದ್ದು ಬೇಕು. ಮೋಟಾರಿನ ಪುಲ್ಲಿಯನ್ನೇ ಎರಡೂವರೆ ಇಂಚಿಗೆ ಇಳಿಸಿದರೂ ಲೆಕ್ಕ ಅದೇ, ಆದರೆ ಚಿಕ್ಕ ಪುಲ್ಲಿಯಲ್ಲಿ ಬೆಲ್ಟು ಜಾರುತ್ತೆ, ಬೇಡ.

ಇಲ್ಲಿ ಬಹಳ ಜನ ಎಡವುವುದು ಫ್ಯಾನಿನಲ್ಲಿ. ಅದರ ಬೆಲ್ಟು ಡ್ರಮ್ ಶಾಫ್ಟಿನಿಂದಲೇ ಹೊರಟಿದ್ದರೆ ಗಾಳಿಯೂ ಕಡಿಮೆಯಾಗಿ ಹೊಟ್ಟು ಹಾರಲ್ಲ; ಯಂತ್ರ ಕೆಟ್ಟಿತು ಅಂದುಕೊಂಡು ವೇಗ ಮತ್ತೆ ಏರಿಸಿಬಿಡ್ತಾರೆ. ಫ್ಯಾನಿನ ಪುಲ್ಲಿ 5 ಇಂಚಿದ್ದರೆ 3 ಇಂಚಿನದು ಹಾಕಿ, ಗಾಳಿ ಮೊದಲಿನಷ್ಟೇ ಬರುತ್ತೆ. ಡ್ರಮ್ಮಿಗೆ ಬಳ್ಳಿಯನ್ನು ಬಿಟ್ಟುಬಿಟ್ಟು ಕೊಡಬೇಡಿ, ಒಂದೇ ಸಮನೆ ಕೊಡುತ್ತಿರಿ. ಹೊಟ್ಟು-ಬಳ್ಳಿಯೇ ಕಾಳಿಗೆ ಮೆತ್ತೆ. ಖಾಲಿ ಡ್ರಮ್ಮಿನಲ್ಲಿ ಕಾಳು ಹಲ್ಲಿಗೂ ಜಾಲರಿಗೂ ನೇರ ಬಡಿಯುತ್ತೆ.

ಬಿತ್ತನೆಕಾಳು:
ವೇಗದಷ್ಟೇ ಮುಖ್ಯ ತೇವಾಂಶ, ಗೋಜಲಾಗುವುದೂ ಅಲ್ಲೇ. ಸಂಗ್ರಹಕ್ಕೆ ಬೇಳೆಕಾಳಿನ ಬೀಜ 9%ಗಿಂತ ಹೆಚ್ಚಿರಬಾರದು, ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಹುಳ ಬಿಡಲ್ಲ. ಅದೇ 9%ನಲ್ಲಿ ಒಕ್ಕಿದರೆ ಕಾಳು ಗಾಜಿನ ಹಾಗೆ ಬಿರಿಯುತ್ತೆ. ಆದ್ದರಿಂದ ಪೆಟ್ಟು ಬೀಳುವ ಕೆಲಸವೆಲ್ಲ, ಒಕ್ಕುವುದು, ಕೇರುವುದು, ಜರಡಿ ಹಿಡಿಯುವುದು, 13ರಿಂದ 15%ನಲ್ಲೇ ಮುಗಿಯಬೇಕು. ಒಣಗಿಸುವುದು ಕೊನೆಗೆ. ಬಳ್ಳಿಯನ್ನು ಕಣದಲ್ಲಿ ವಾರಗಟ್ಟಲೆ ಬಿಸಿಲಿಗೆ ಬಿಟ್ಟು ಆಮೇಲೆ ಒಕ್ಕುವ ರೂಢಿ ಬೀಜದ ಮಟ್ಟಿಗೆ ತಪ್ಪು.

ಮೆಕ್ಕೆಜೋಳ ಕೊಳ್ಳುವ ಮಂಡಿಯಲ್ಲಿ ತೇವಾಂಶದ ಮೀಟರ್ ಇದ್ದರೆ ಒಮ್ಮೆ ಅಳೆಸಿ. ಮೆಕ್ಕೆಜೋಳದ ಸೆಟ್ಟಿಂಗಿನಲ್ಲೇ ಅಲಸಂದೆ ಹಾಕಿದರೆ ಅಂಕಿ ತಪ್ಪು ಬರುತ್ತೆ, ಬೇಳೆಕಾಳಿಗೆ ಬದಲಿಸಲು ಹೇಳಿ. ಆಮೇಲೆ ತಕ್ಕಡಿ ಸಾಕು: 14% ಇರುವ 10 ಕೆ.ಜಿ. ಕಾಳನ್ನು ಬಲೆ ಚೀಲದಲ್ಲಿ ಹಾಕಿ ಉಳಿದ ಕಾಳಿನ ಜೊತೆಯೇ ಒಣಗಿಸಿ, ಅದು 9 ಕೆ.ಜಿ. 450 ಗ್ರಾಂಗೆ ಇಳಿದಾಗ ನಿಮ್ಮ ಬೀಜ 9% ತಲುಪಿದೆ. ಸಿಮೆಂಟ್ ಮೇಲೆ ನೇರ ಹರಡಬೇಡಿ, ತಾಡಪಾಲು ಹಾಸಿ. ಕಬ್ಬಿಣದ ಸಲಿಕೆ ಬೇಡ, ಮರದ ಹಲಗೆಯಲ್ಲಿ ಎಳೆಯಿರಿ.

ಬೆಲ್ಟು-ಪುಲ್ಲಿ:
ಅಟ್ಟದ ಎತ್ತರವೂ ನೋಡಿ. 3 ಮೀಟರ್ ಮೇಲಿನಿಂದ ಚೀಲ ಎಸೆದರೆ ನೆಲ ಮುಟ್ಟುವಾಗ ಸೆಕೆಂಡಿಗೆ 7.7 ಮೀಟರ್ ವೇಗ, ಅದೂ ಆಗಲೇ ಗಾಜಿನಂತಾದ ಕಾಳು. ಪುಲ್ಲಿ ಬದಲಿಸಿಯೂ ಚೀಲ ಎಸೆದರೆ ಡ್ರಮ್ಮಿನ ಹತ್ತಿರ ಹತ್ತಿರದ ಪೆಟ್ಟು ಮತ್ತೆ ಬಿದ್ದಂತೆ.

ವರದಾ ದಂಡೆ:
ಚೀಲ ಮೇಲಿನಿಂದಲೇ ಹಾಕಿದ್ದು ನಿಜ. ಈಗಿರುವ ಬೀಜಕ್ಕೆ ದಾರಿ ಇದೆಯೇ?

ಬಿತ್ತನೆಕಾಳು:
ಒಳಗೆ ಮುರಿದದ್ದು ಕೂಡಲ್ಲ. ಸಿಪ್ಪೆ ಬಿರಿದದ್ದರಲ್ಲಿ ಸ್ವಲ್ಪ ಉಳಿಸಬಹುದು. ಅತಿ ಒಣಗಿದ, ಬಿರುಕುಬಿಟ್ಟ ಕಾಳಿಗೆ ಒಮ್ಮೆಲೇ ನೀರು ನುಗ್ಗಿದರೆ ಬೇಳೆ ಅಡ್ಡಕ್ಕೆ ಸೀಳುತ್ತೆ. ಆದ್ದರಿಂದ ನೆನೆಹಾಕಿ ಬಿತ್ತಬೇಡಿ. ಬಿತ್ತುವ ಹಿಂದಿನ ರಾತ್ರಿ ಹಿಂಡಿದ ಒದ್ದೆ ಗೋಣಿಗಳ ನಡುವೆ ತೆಳುವಾಗಿ ಹರಡಿಡಿ, ಬೆಳಿಗ್ಗೆ ಹದವಿರುವ ಮಣ್ಣಿಗೆ ಹಾಕಿ, ಬಿತ್ತಿದ ಕೂಡಲೇ ನೀರು ಹಾಯಿಸಬೇಡಿ. ಮೊದಲು ಸೀಳು, ಅರೆಬೇಳೆ, ಸಿಪ್ಪೆ ಎದ್ದದ್ದು ಮೊರದಲ್ಲಿ ಆರಿಸಿ ತೆಗೆಯಿರಿ. ಈ ಎರಡೂ ಮಾಡಿ ಮತ್ತೆ 100 ಊರಿ ನೋಡಿ.

ವರದಾ ದಂಡೆ (10 ದಿನದ ನಂತರ):
ಆರಿಸಿ, ಗೋಣಿಯಲ್ಲಿಟ್ಟು ಊರಿದ್ದಕ್ಕೆ ಸರಿಯಾದ ಸಸಿ 62. ಮೊದಲು 39 ಇತ್ತು.

ಬಿತ್ತನೆಕಾಳು:
ಪ್ರಮಾಣಿತ ಬೀಜಕ್ಕೆ ಕನಿಷ್ಠ 75 ಬೇಕು. ಎಕರೆಗೆ 10 ಕೆ.ಜಿ. ಹಾಕುವವರು 12 ಕೆ.ಜಿ. ಹಾಕಿ. ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಇಡದೆ ಸಾರಿಗೆ ಬಳಸಿ, ಪೆಟ್ಟು ತಿಂದ ಕಾಳು ಬೇಗ ಸಾಯುತ್ತೆ. ಈ ಸಲ ಬೆಳೆದು ಬರುವ ಹೊಸ ಬೀಜವನ್ನು 10 ಕೆ.ಜಿ.ಯ ಚೀಲ ಮಾಡಿ, ಒಬ್ಬರೇ ಎತ್ತಿ ಇಳಿಸುವಷ್ಟು. ಅಟ್ಟ ಬೇಡ, ಗೋಡೆಯಿಂದ ಒಂದು ಅಡಿ ಬಿಟ್ಟು ಮರದ ಹಲಗೆ ಮೇಲೆ ಇಡಿ, ಒಂದರ ಮೇಲೊಂದು ನಾಲ್ಕಕ್ಕಿಂತ ಹೆಚ್ಚು ಬೇಡ. ಹೊರುವವರು ಕೊಕ್ಕೆ ಹಾಕದಂತೆ ನೋಡಿಕೊಳ್ಳಿ.