ಪದಚರ್ಚೆ: ‘ಸಮಾನಾಂತರ’ ರನ್‌ವೇ, ವಿಮಾನಗಳ ನಡುವಣ ‘ಅಂತರ’

ಮಾನ್ಯರೆ,

ಚಿತ್ರದುರ್ಗದ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ವಿಮಾನ ಸಂಚಾರ ನಿಯಂತ್ರಣವನ್ನು ಕುರಿತು ಒಂದು ಕಿರುಪುಸ್ತಿಕೆ ಸಿದ್ಧಪಡಿಸುತ್ತಿದ್ದೇನೆ. ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದ ರನ್‌ವೇಯಲ್ಲಿ ಇಸ್ರೊದ ಮರುಬಳಕೆ ಉಡಾವಣಾ ವಾಹನವು 2023 ಮತ್ತು 2024ರಲ್ಲಿ ತಾನೇ ತಾನಾಗಿ ಬಂದಿಳಿದ ಮೇಲೆ ನಮ್ಮ ಕಡೆಯ ಹುಡುಗರಿಗೆ ರನ್‌ವೇ ಎಂಬುದು ದೂರದ ಮಾತಾಗಿ ಉಳಿದಿಲ್ಲ. ಆದ್ದರಿಂದ ಆ ಪದವನ್ನು ‘ಧಾವನಪಥ’ ಎಂದೋ ‘ಓಡುದಾರಿ’ ಎಂದೋ ಬದಲಿಸುವ ಗೋಜಿಗೆ ನಾನು ಹೋಗಿಲ್ಲ. ತೊಡಕಿರುವುದು ಎರಡು ರನ್‌ವೇಗಳ ಅಧ್ಯಾಯದ ಈ ಒಂದು ವಾಕ್ಯದಲ್ಲಿ: ‘ಸಮಾನಾಂತರ ರನ್‌ವೇಗಳಿಗೆ ಇಳಿಯುವ ವಿಮಾನಗಳ ನಡುವೆ ನಿಗದಿತ ಅಂತರವನ್ನು ಕಾಯ್ದುಕೊಳ್ಳಲಾಗುತ್ತದೆ.’

ಕರಡನ್ನು ಓದಿದ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಹೀಗಿತ್ತು: “ಸಮಾನಾಂತರ ಅಂದ್ಮೇಲೆ ಅಂತರ ಸಮಾನವಾಗೇ ಇರುತ್ತಲ್ಲ ಸಾರ್, ಅದನ್ನ ಕಾಯೋದೇನಿದೆ?” ತರ್ಕ ಸರಿಯಾಗಿದೆ. ಒಂದೇ ವಾಕ್ಯದಲ್ಲಿ ‘ಅಂತರ’ ಎರಡು ಬಾರಿ ಬಂದಿದೆ, ಎರಡು ಕಡೆಯೂ ಅರ್ಥ ಬೇರೆಯಾಗಿದೆ. ಗಣಿತದ ಪಠ್ಯಪುಸ್ತಕದ ‘ಸಮಾಂತರ’ವನ್ನು ಬಳಸಿ ನುಣುಚಿಕೊಳ್ಳೋಣವೆಂದರೆ, ‘ಸಮಾಂತರ ರೇಖೆ’ಯ ಜೊತೆಗೆ ‘ಸಮಾಂತರ ಶ್ರೇಢಿ’ಯೂ ಅದೇ ವಿದ್ಯಾರ್ಥಿಗಳ ತಲೆಯಲ್ಲಿರುತ್ತದೆ. ಪತ್ರಿಕೆಗಳು ತುಂಗಭದ್ರಾ ಜಲಾಶಯಕ್ಕೆ ಪೂರಕವಾಗಿ ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಕಟ್ಟಬೇಕೆಂದಿರುವ ಜಲಾಶಯವನ್ನು ‘ಸಮಾನಾಂತರ ಜಲಾಶಯ’ ಎಂದು ಬರೆಯುವುದರಿಂದ ಆ ಪದಕ್ಕೆ ‘ಪರ್ಯಾಯ’, ‘ಪೂರಕ’ ಎಂಬ ಛಾಯೆಯೂ ಅಂಟಿಕೊಂಡಿದೆ. (‘ಅಂತರರಾಷ್ಟ್ರೀಯ’ವೋ ‘ಅಂತಾರಾಷ್ಟ್ರೀಯ’ವೋ ಎಂಬ ಹಳೆಯ ಜಗಳವನ್ನು ಇಲ್ಲಿ ಕೆದಕುವುದಿಲ್ಲ.) ಇಷ್ಟಾದರೂ ರನ್‌ವೇಯ ಮಟ್ಟಿಗೆ ‘ಸಮಾನಾಂತರ’ವೇ ಇರಲಿ, ಅದು ಬಳಕೆಯಲ್ಲಿ ಗಟ್ಟಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಬಗೆಹರಿಯಬೇಕಾದದ್ದು ಎರಡನೆಯ ‘ಅಂತರ’.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಎರಡು ರನ್‌ವೇಗಳ ನಡುಗೆರೆಯಿಂದ ನಡುಗೆರೆಗೆ ಇರುವ ಅಳತೆ ನಿಲ್ದಾಣವನ್ನು ಕಟ್ಟಿದ ದಿನವೇ ನಿಗದಿಯಾಗಿರುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ, ಆ ಅಳತೆ ಕನಿಷ್ಠ 1035 ಮೀಟರಿದ್ದು ಕಣ್ಗಾವಲಿನ ಉಪಕರಣಗಳು ತಕ್ಕಷ್ಟು ನಿಖರವಾಗಿದ್ದರೆ, ಎರಡೂ ರನ್‌ವೇಗಳಿಗೆ ವಿಮಾನಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಇಳಿಯಬಹುದು. ಅಷ್ಟಿಲ್ಲದೆ, 915 ಮೀಟರಿಗಿಂತ ಕಡಿಮೆಯೂ ಇಲ್ಲದಿದ್ದರೆ ಪಕ್ಕದ ಹಾದಿಯ ವಿಮಾನವನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದನ್ನು ತುಸು ಮುಂದೆ ಒಂದನ್ನು ತುಸು ಹಿಂದೆ ಇಳಿಸಬೇಕಾಗುತ್ತದೆ. ಆಗ ಪಕ್ಕದ ಹಾದಿಯಲ್ಲಿರುವ ಮುಂದಿನ ವಿಮಾನಕ್ಕೂ ಹಿಂದಿನದಕ್ಕೂ ನಡುವೆ ಓರೆಯಾಗಿ ಅಳೆದಾಗ 3.7 ಕಿಲೋಮೀಟರು, ಅಂದರೆ 2 ನಾಟಿಕಲ್ ಮೈಲಿ ಇರಬೇಕೆಂಬುದು ಬಹುಕಾಲದಿಂದ ನಡೆದುಬಂದ ಅಳತೆ.

ಇಲ್ಲಿ ನೋಡಿ, 1035 ಮತ್ತು 915 ಮೀಟರು ನೆಲದ ಮೇಲೆ ಸುಮ್ಮನೆ ‘ಇರುವ’ ಅಳತೆಗಳು. 3.7 ಕಿಲೋಮೀಟರು ಹಾಗಲ್ಲ. ವೇಗವನ್ನು ತಗ್ಗಿಸಿ, ದಿಕ್ಕನ್ನು ತಿರುಗಿಸಿ ಯಾರೋ ಒಬ್ಬರು ಕ್ಷಣಕ್ಷಣವೂ ಉಳಿಸಿಕೊಳ್ಳಬೇಕಾದ ಅಳತೆ ಅದು. ಮೊದಲನೆಯದನ್ನು ಎಲ್ಲ ಕಡೆಯೂ ‘ದೂರ’ ಎಂದೂ ಎರಡನೆಯದನ್ನು ಮಾತ್ರ ‘ಅಂತರ’ ಎಂದೂ ಬರೆಯಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕನ್ನಡದಲ್ಲಿ ದೂರ ಇರುತ್ತದೆ, ಅಂತರವನ್ನು ಕಾಯ್ದುಕೊಳ್ಳುತ್ತೇವೆ. ‘ದೂರ ಕಾಯ್ದುಕೊಳ್ಳಿ’ ಎಂದು ಯಾರೂ ಹೇಳುವುದಿಲ್ಲ. ಕೊರೊನಾ ಕಾಲದ ಫಲಕಗಳಿಂದಾಗಿ ಈ ಜೋಡಿ ಮಕ್ಕಳಿಗೂ ಬಾಯಿಪಾಠವಾಗಿದೆ. ಇಂಗ್ಲಿಷಿನ ‘ಸೆಪರೇಶನ್’ಗೆ ಕೆಲವರು ಸೂಚಿಸಿದ ‘ಬೇರ್ಪಡಿಕೆ’ ನನಗೆ ಒಪ್ಪಿಗೆಯಾಗಲಿಲ್ಲ, ಮೊದಲು ಕೂಡಿಕೊಂಡಿದ್ದುದನ್ನು ಬಿಡಿಸಿದ ಧ್ವನಿ ಅದರಲ್ಲಿದೆ. ‘ಪ್ರತ್ಯೇಕತೆ’ಯಂತೂ ರಾಜಕೀಯದ ಪುಟಕ್ಕೆ ಸೇರಿದ್ದು.

‘ಅಂತರ’ವನ್ನೇ ಉಳಿಸಿಕೊಂಡರೆ ಇನ್ನೊಂದು ಅನುಕೂಲವಿದೆ. ಇದು ಅಡ್ಡಲಾಗಿಯೇ ಇರಬೇಕಾಗಿಲ್ಲ. ಎರಡು ವಿಮಾನಗಳೂ ತಮ್ಮ ತಮ್ಮ ರನ್‌ವೇಯ ನೇರಕ್ಕೆ ಬಂದು ನೆಲೆಗೊಳ್ಳುವ ತನಕ ಅವುಗಳ ನಡುವೆ ಎತ್ತರದಲ್ಲಿ 300 ಮೀಟರು ಇರಬೇಕು, ಇಲ್ಲವೇ ರೇಡಾರಿನ ಪರದೆಯ ಮೇಲೆ 5.6 ಕಿಲೋಮೀಟರು ಇರಬೇಕು. ಎರಡರಲ್ಲಿ ಒಂದು ಇದ್ದರೆ ಸಾಕು. ಹೀಗಿರುವಾಗ ರೇಡಾರಿನಲ್ಲಿ ಎರಡು ಚುಕ್ಕಿಗಳು ಒಂದರ ಮೇಲೊಂದು ಬಂದಂತೆ ಕಂಡರೂ ಅಂತರ ಇದೆ ಎಂದೇ ಲೆಕ್ಕ. ‘ದೂರ’ ಎಂಬ ಪದಕ್ಕೆ ಈ ಭಾರವನ್ನು ಹೊರಲಾಗದು.

ಆದರೆ ಪತ್ರಿಕಾಭಾಷೆ ಈ ಪದವನ್ನು ಬೇರೊಂದು ದಿಕ್ಕಿಗೆ ಎಳೆಯುತ್ತದೆ. 2022ರ ಜನವರಿ 7ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ವಿಮಾನಗಳು ಮೇಲೇರುತ್ತಿದ್ದಂತೆ ಒಂದರತ್ತ ಒಂದು ಸಾಗಿದ್ದವು, ರೇಡಾರ್ ನಿಯಂತ್ರಕರು ಅವುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಅದು ಇಳಿಯುವಾಗ ಅಲ್ಲ, ಏರುವಾಗ ನಡೆದದ್ದು. ಪದದ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ. ಇಂಥ ಸುದ್ದಿಗೆ ‘ಕೂದಲೆಳೆ ಅಂತರದಲ್ಲಿ ಪಾರು’ ಎಂಬ ತಲೆಬರಹ ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತದೆ. ಓರೆಯಾಗಿ 3.7 ಕಿಲೋಮೀಟರು ಇರಬೇಕಾದ ಕಡೆ ಮೂರೂವರೆ ಉಳಿದರೂ ನಿಯಮದ ಕಣ್ಣಿಗೆ ಅದು ತಪ್ಪಿದಂತೆಯೇ, ಅಲ್ಲಿ ಕೂದಲೆಳೆಯ ಮಾತೇ ಇಲ್ಲ. ಆದ್ದರಿಂದ ‘ಶಾಂತಿಭಂಗ’, ‘ವ್ರತಭಂಗ’ಗಳ ಮಾದರಿಯಲ್ಲಿ ‘ಅಂತರಭಂಗ’ ಎಂದು ಬರೆದಿದ್ದೇನೆ. ಎಷ್ಟು ಹತ್ತಿರ ಬಂದವು ಎಂಬುದನ್ನು ಹೇಳದೆ, ಕಾಯಬೇಕಾದದ್ದನ್ನು ಕಾಯಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಇದಕ್ಕೆ ಆಕ್ಷೇಪವಿದ್ದರೆ ತಿಳಿಸಿ.

‘ಕಾಯ್ದುಕೊಳ್ಳಲಾಗುತ್ತದೆ’ ಎಂಬ ಕರ್ಮಣಿ ಪ್ರಯೋಗವನ್ನು ತೆಗೆದುಹಾಕಬೇಕೆಂದು ಬಹುಮಟ್ಟಿಗೆ ತೀರ್ಮಾನಿಸಿದ್ದೇನೆ. ಸರ್ಕಾರಿ ಸುತ್ತೋಲೆಯ ವಾಸನೆ ಅದಕ್ಕಿರುವುದು ಒಂದು ಕಾರಣವಾದರೆ, ಯಾರು ಕಾಯುತ್ತಾರೆ ಎಂಬುದನ್ನೇ ಅದು ಮುಚ್ಚಿಬಿಡುವುದು ಇನ್ನೂ ದೊಡ್ಡ ಕಾರಣ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಒಂದು ಜೊತೆ ರನ್‌ವೇಗಳ ನಡುಗೆರೆಗಳು ಕೇವಲ 230 ಮೀಟರು ದೂರದಲ್ಲಿವೆ. ಆಕಾಶ ತಿಳಿಯಾಗಿದ್ದಾಗ ಅಲ್ಲಿ ಎರಡು ವಿಮಾನಗಳು ಅಕ್ಕಪಕ್ಕದಲ್ಲಿಯೇ ಇಳಿಯುವ ಪದ್ಧತಿ ಬಹುಕಾಲ ಇತ್ತು, ಏಕೆಂದರೆ ಪಕ್ಕದ ವಿಮಾನವನ್ನು ಕಣ್ಣಾರೆ ಕಂಡಿದ್ದೇನೆಂದು ಒಪ್ಪಿಕೊಂಡ ಪೈಲಟ್ಟೇ ಅಂತರದ ಹೊಣೆ ಹೊರುತ್ತಿದ್ದ. ಮೋಡ ಕವಿದರೆ ಹೊಣೆ ನಿಯಂತ್ರಕರಿಗೆ ಮರಳುತ್ತಿತ್ತು, ಅಕ್ಕಪಕ್ಕದ ಇಳಿತವೂ ನಿಲ್ಲುತ್ತಿತ್ತು. ಕರ್ತೃವಿಲ್ಲದ ವಾಕ್ಯದಲ್ಲಿ ಈ ವ್ಯತ್ಯಾಸವನ್ನು ಹೇಳುವುದು ಹೇಗೆ?

ಇನ್ನು ಎರಡು ಇಳಿಹಾದಿಗಳ ನಡುವೆ ಗುರುತಿಸುವ ನಿಷೇಧದ ಪಟ್ಟಿ. ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಇಳಿಯುವಾಗ, ಎರಡೂ ವಿಮಾನಗಳು ತಮ್ಮ ನೇರದಲ್ಲಿ ನೆಲೆಗೊಂಡ ಮೇಲೆ ಅವುಗಳ ನಡುವೆ ಇಷ್ಟೇ ಇರಬೇಕೆಂಬ ಅಂತರವನ್ನು ವಿಧಿಸುವುದಿಲ್ಲ. ಅದರ ಬದಲಿಗೆ ಎರಡು ಹಾದಿಗಳ ನಟ್ಟನಡುವೆ ಕನಿಷ್ಠ 610 ಮೀಟರು ಅಗಲದ ಒಂದು ಪಟ್ಟಿಯನ್ನು ರೇಡಾರ್ ಪರದೆಯ ಮೇಲೆ ಗುರುತಿಸಿ, ಅದರೊಳಗೆ ಯಾವ ವಿಮಾನವೂ ಕಾಲಿಡದಂತೆ ನೋಡುತ್ತಾರೆ. ದಾವಣಗೆರೆಯ ಭದ್ರಾ ಅಚ್ಚುಕಟ್ಟಿನ ಮಿತ್ರರೊಬ್ಬರು ಇದಕ್ಕೆ ‘ಬದು’ ಎಂಬ ಪದವನ್ನು ಸೂಚಿಸಿದರು. ಕಿವಿಗೆ ಹಿತವಾಗಿದೆ, ಆದರೆ ಬದುವಿನ ಮೇಲೆ ಎರಡೂ ಗದ್ದೆಯವರು ಓಡಾಡುತ್ತಾರೆ. ಇಲ್ಲಿ ಇಬ್ಬರೂ ತುಳಿಯುವಂತಿಲ್ಲ. ‘ನಿಷಿದ್ಧ ವಲಯ’ ಎಂದರೆ ಸೇನೆಯ ಜಾಗವೆಂದು ತಿಳಿಯುತ್ತಾರೆ, ಚಳ್ಳಕೆರೆಯ ಸುತ್ತಮುತ್ತ ಇನ್ನೂ ಹೆಚ್ಚಾಗಿ. ಸದ್ಯಕ್ಕೆ ‘ನಡುನಿಷೇಧ ಪಟ್ಟಿ’ ಎಂದಿಟ್ಟಿದ್ದೇನೆ, ಅರಿಸಮಾಸವೆಂದು ಹಿರಿಯರು ಗದರಿಸಿದರೆ ಬದಲಿಸಲು ಸಿದ್ಧ.

ಕೊನೆಯದಾಗಿ ನನಗೆ ಪದವೇ ದೊರೆಯದ ಒಂದು ಕ್ರಿಯೆ ಇದೆ. ಒಂದು ವಿಮಾನ ದಾರಿ ತಪ್ಪಿ ಆ ಪಟ್ಟಿಯೊಳಗೆ ನುಗ್ಗಿದರೆ, ನಿಯಂತ್ರಕರು ತಪ್ಪೇನೂ ಮಾಡದ ಪಕ್ಕದ ವಿಮಾನಕ್ಕೆ ಕೂಡಲೇ ಹೊಸ ದಿಕ್ಕನ್ನೂ ಎತ್ತರವನ್ನೂ ಕೊಟ್ಟು ಇಳಿಹಾದಿಯಿಂದ ಹೊರಕ್ಕೆ ತಿರುಗಿಸುತ್ತಾರೆ. ಇಳಿಯುವುದನ್ನು ಕೈಬಿಟ್ಟು ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಮೇಲೇರುವ ‘ಗೋ ಅರೌಂಡ್’ ಬೇರೆ, ಇದು ಬೇರೆ. ‘ಹಾದಿ ಬಿಡಿಸುವುದು’ ಎಂದರೆ ಗೋಜಲು ಬಿಡಿಸಿದಂತೆ ಕೇಳುತ್ತದೆ, ‘ಹೊರಳಿಸುವುದು’ ಎಂದರೆ ವಿಮಾನ ಮಗುಚಿದ ಹಾಗೆ. ಪಕ್ಕದವನ ತಪ್ಪಿಗಾಗಿ ತನ್ನ ಹಾದಿಯನ್ನು ತಟ್ಟನೆ ತೊರೆಯುವ ಈ ಕ್ರಿಯೆಗೆ ತಕ್ಕ ಕನ್ನಡ ಕ್ರಿಯಾಪದವೇನಾದರೂ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಒಂದು ಪೂರ್ಣ ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.